ಖಾಲಿ ಕ್ಯಾನು ಬರುವ ದಾರಿ

ಆ ವಾರದ ನನ್ನ ಡೈರಿಯಲ್ಲಿ ಒಂದು ಸಾಲಿದೆ. ಪೆನ್ನನ್ನು ಎಷ್ಟು ಒತ್ತಿ ಬರೆದಿದ್ದೇನೆಂದರೆ ಹಾಳೆಯ ಹಿಂಬದಿಯಲ್ಲೂ ಅಕ್ಷರ ಉಬ್ಬಿವೆ. ‘ಉತ್ತರ ಡೈರಿಯಲ್ಲೇ ಇತ್ತು!!’ ಎರಡು ಆಶ್ಚರ್ಯಸೂಚಕ ಚಿಹ್ನೆ. ಸಾಮಾನ್ಯವಾಗಿ ಒಂದನ್ನೂ ಹಾಕುವವಳಲ್ಲ ನಾನು. ಆ ಖುಷಿಯಲ್ಲಿ ಇನ್ನೊಂದೇ ಒಂದು ಪದ ಸೇರಿಸಿ, ಯಾವ ಡೈರಿ ಎಂದು ಬರೆದಿಟ್ಟಿದ್ದರೆ ಈಗ ಇಷ್ಟು ಉದ್ದಕ್ಕೆ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ನಾನು ಕೆಜಿಎಫ್‌ನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಮನೆ ಬಂಗಾರಪೇಟೆಯಲ್ಲಿ. ಬೆಳಗಿನ ರೈಲಿನಲ್ಲಿ ಊರಿಗಾಂ ಸ್ಟೇಷನ್ನಿಗೆ ಬಂದು, ಅಲ್ಲಿಂದ ಆಟೋ. ರೈಲಿನಲ್ಲಿ ಡೈರಿ ಬರೆಯುವ ಅಭ್ಯಾಸ ಎಂ.ಎಸ್ಸಿ. ಓದುವಾಗಿನಿಂದ ಇದೆ. ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ಅದು ಹೇಳುವ ಕತೆಗಳಲ್ಲಿ ಪ್ರತಿಸಲವೂ ನಾನೇ ಜಾಣೆ, ಉಳಿದವರೆಲ್ಲ ನಾನು ಹೇಳುವುದನ್ನು ಕೇಳಿಸಿಕೊಳ್ಳುವವರು. ಹಾಗಾಗಿ ಬರೆದಿಡುತ್ತೇನೆ. ಬರೆದಿಟ್ಟದ್ದೂ ಕೈಕೊಡುತ್ತದೆ ಎನ್ನುವುದಕ್ಕೆ ಮೇಲಿನ ಸಾಲೇ ಸಾಕ್ಷಿ.

ನಮ್ಮ ಲ್ಯಾಬಿನ ಅಟೆಂಡರ್ ಒಬ್ಬರಿದ್ದಾರೆ. ಎಲ್ಲರಿಗೂ ಅವರು ಅಕ್ಕ. ಅವರಿಗಿಂತ ಹದಿನೈದು ವರ್ಷ ದೊಡ್ಡವರಾದ ಪ್ರಾಂಶುಪಾಲರಿಗೂ ಅಕ್ಕ. ಬೇತಮಂಗಲದಿಂದ ಆಚೆ ಒಂದು ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಾರೆ. ಎರಡು ಹಸು ಕರೆದು, ಹಾಲು ಹಾಕಿ, ಆಮೇಲೆ ಬಸ್ಸು. ಅವರ ಯಜಮಾನರು ಆ ಊರಿನ ಹಾಲಿನ ಡೈರಿಯಲ್ಲಿ ಹಾಲು ಅಳೆದುಕೊಳ್ಳುವವರು. ಅಕ್ಕ ಪಿಯುಸಿ ಮುಗಿಸಿ ಮದುವೆಯಾಗಿ, ಮಕ್ಕಳು ಹೈಸ್ಕೂಲಿಗೆ ಹೋದ ಮೇಲೆ ದೂರಶಿಕ್ಷಣದಲ್ಲಿ ಬಿ.ಎ. ಮಾಡಿ, ಈಗ ಗ್ರಂಥಾಲಯ ವಿಜ್ಞಾನ ಓದುತ್ತಿದ್ದರು. ಉಳಿದದ್ದು ಒಂದೇ ಪತ್ರಿಕೆ. ನಮ್ಮ ಕಾಲೇಜಿನ ಗ್ರಂಥಾಲಯದಲ್ಲೇ ಸಹಾಯಕರ ಹುದ್ದೆಯೊಂದಕ್ಕೆ ಅರ್ಜಿ ಕರೆಯುವವರಿದ್ದರು. ಮುಂದಿನ ವರ್ಷಕ್ಕೆ ಅಕ್ಕನ ವಯಸ್ಸು ಮಿತಿ ದಾಟುತ್ತಿತ್ತು. ಈ ಸಲ ಪಾಸಾದರೆ ಉಂಟು, ಇಲ್ಲದಿದ್ದರೆ ಆ ಮಾತು ಅಲ್ಲಿಗೇ ಮುಗಿಯಿತು.

ಪರೀಕ್ಷೆ ಆನ್‌ಲೈನ್. ಕೇಂದ್ರ ನಮ್ಮದೇ ಲ್ಯಾಬು. ಪರೀಕ್ಷೆಯ ಪೋರ್ಟಲ್ ನಮ್ಮ ಕಾಲೇಜಿನ ನೆಟ್ ವಿಳಾಸವನ್ನು ಮಾತ್ರ ಒಪ್ಪುತ್ತಿತ್ತು. ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟರೆ ಬಾಗಿಲಲ್ಲೇ ನಿಲ್ಲಿಸುತ್ತಿತ್ತು.

ಅದರಲ್ಲೇನು ಕಷ್ಟ ಎಂದುಕೊಂಡಿದ್ದೆವು. ಅದೇ ವರ್ಷ ನಮ್ಮ ಕಾಲೇಜಿಗೆ ಶೈಕ್ಷಣಿಕ ಜಾಲದ ಫೈಬರ್ ಬಂದಿತ್ತು. ದೇಶದ ವಿಶ್ವವಿದ್ಯಾಲಯಗಳನ್ನೂ ಸಂಶೋಧನಾ ಸಂಸ್ಥೆಗಳನ್ನೂ ಒಂದಕ್ಕೊಂದು ಹೆಣೆದ ಜಾಲ ಅದು. ಉತ್ತರದ ಯಾವುದೋ ವಿಶ್ವವಿದ್ಯಾಲಯದಲ್ಲಿರುವ ದೊಡ್ಡ ಫೈಲು ನಾವು ಟೀ ಮುಗಿಸುವುದರೊಳಗೆ ಇಳಿದಿರುತ್ತಿತ್ತು. ಕಾಲೇಜಿಗೆ ಬಂದವರನ್ನೆಲ್ಲ ಪ್ರಾಂಶುಪಾಲರು ಲ್ಯಾಬಿಗೆ ಕರೆತಂದು ಅದನ್ನೇ ತೋರಿಸುತ್ತಿದ್ದರು. “ರಾಕೆಟ್ ಇದು, ರಾಕೆಟ್.”

ಪರೀಕ್ಷೆಯ ಪೋರ್ಟಲ್ ಇದ್ದದ್ದು ಆ ಜಾಲದಲ್ಲಿ ಅಲ್ಲ. ಒಂದು ಖಾಸಗಿ ಕಂಪನಿಯ ಜಾಲದಲ್ಲಿ, ಬೆಂಗಳೂರಿನಲ್ಲಿ. ರೈಲಿನಲ್ಲಿ ಹೋದರೆ ಎರಡು ಗಂಟೆಯ ದೂರ.

ಮೊದಲ ಅಣಕು ಪರೀಕ್ಷೆಯಲ್ಲಿ ಅಕ್ಕ ನಾಲ್ಕನೆಯ ಪ್ರಶ್ನೆಗೆ ಉತ್ತರ ಒತ್ತಿದರು. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಆಮೇಲೆ ‘ನಿಮ್ಮ ಅವಧಿ ಮುಗಿದಿದೆ’ ಎಂದು ಬಂದು ಆಚೆ ಹಾಕಿತು. ಎರಡನೆಯ ಸಲ ಏಳನೆಯ ಪ್ರಶ್ನೆಯ ತನಕ ಹೋದರು ಎಂದು ನನ್ನ ನೆನಪು. ಡೈರಿ ಆರನೆಯದು ಎನ್ನುತ್ತದೆ. ಡೈರಿಯ ಮಾತೇ ಇರಲಿ. ನಿಜವಾದ ಪರೀಕ್ಷೆಯಲ್ಲಿ ಹೀಗೆ ಮೂರು ಸಲ ಆಚೆ ಬಿದ್ದರೆ ಅಭ್ಯರ್ಥಿ ಗೈರುಹಾಜರಿ ಎಂಬ ನಿಯಮವಿತ್ತು. ಪರೀಕ್ಷೆಗೆ ಹದಿನೈದು ದಿನವಿತ್ತು.

“ಓದಿದ್ದೆಲ್ಲ ತಲೇನಾಗೆ ಐತೆ ಮೇಡಂ. ಈ ಚಕ್ರ ನೋಡ್ತಾ ನೋಡ್ತಾ ಒಂದೊಂದೇ ಇಳ್ದೋಗ್ತದೆ,” ಅಂದರು ಅಕ್ಕ. ನಗುತ್ತಲೇ ಅಂದರು. ಆದರೆ ಅವತ್ತು ಕೀಬೋರ್ಡುಗಳ ಧೂಳು ಒರೆಸುವಾಗ ಒಂದೇ ಕೀಬೋರ್ಡನ್ನು ಬಹಳ ಹೊತ್ತು ಒರೆಸಿದರು.

ಫೈಬರ್ ಎಳೆದವರಿಗೆ ಫೋನಿನಲ್ಲಿ ದೂರು ಕೊಟ್ಟೆ. ‘ನಂದಿದುರ್ಗ ಗಣಿಯ ಹತ್ತಿರ, ಲೈನ್ ನೋಡಬೇಕು’ ಅಂದಿದ್ದೆ. ಅದು ನನ್ನ ತಪ್ಪು. ಈ ಊರಿನಲ್ಲಿ ಲೈನ್ ಅಂದರೆ ಗಣಿ ಕಾರ್ಮಿಕರ ಸಾಲುಮನೆ ಎನ್ನುವುದನ್ನು ಇಷ್ಟು ವರ್ಷ ಇಲ್ಲಿ ಓಡಾಡಿದವಳು ಮರೆಯಬಾರದಿತ್ತು. ಕೇಬಲ್ ನೋಡುವವರು ಏಣಿ ಹೊತ್ತುಕೊಂಡು ನಂದಿದುರ್ಗದ ಸಾಲುಮನೆಗಳಿಗೆ ಹೋಗಿಬಿಟ್ಟಿದ್ದರು. ಮಧ್ಯಾಹ್ನ ನಮ್ಮ ಕಾಲೇಜಿಗೆ ಬಂದಾಗ ಅವರ ಅಂಗಿ ಬೆವರಿನಲ್ಲಿ ನೆನೆದಿತ್ತು.

“ಯಾವ ಲೈನು ಅಂತ ಕೇಳ್ದೆ ಮೇಡಂ. ಅಲ್ಲೊಬ್ಬರು ತಮಿಳು ಅಜ್ಜಿ, ‘ಇದುದಾ ಲೈನು, ವಾ ಕಣ್ಣು’, ಇದೇ ಲೈನು ಬಾ ಕಂದ ಅಂತ ಕೈ ಇಡ್ಕಂಡು ಒಳಗೆ ಕರ್ಕೊಂಡೋಗಿ ಟಿವಿ ರಿಪೇರಿ ಮಾಡಿಸ್ಕೊಂಡ್ರು. ಪಕ್ಕದ ಮನೇವ್ರೂ ಬಂದ್ರು. ನಾಲ್ಕು ಟಿವಿ ಆಯ್ತು.”

“ಕಾಫಿನಾದ್ರೂ ಕೊಟ್ರಾ?” ಅಂದರು ಅಕ್ಕ.

“ಎರಡು ಸಲ.”

ಅವರು ನಮ್ಮ ಕೇಬಲ್ಲನ್ನು ಅಳೆದು ನೋಡಿದರು. ಒಂದು ಎಳೆಯೂ ಕೆಟ್ಟಿರಲಿಲ್ಲ. ದೂರಿನ ಮೇಲೆ ‘ಸರಿಪಡಿಸಲಾಗಿದೆ’ ಎಂದು ಬರೆದುಕೊಂಡು ಹೋದರು.

ಆಮೇಲೆ ನಾನು ಹಟಕ್ಕೆ ಬಿದ್ದೆ. ನಮ್ಮಿಂದ ಹೊರಟ ಮಾಹಿತಿ ಪೋರ್ಟಲ್ ತಲುಪುವ ತನಕ ಎಲ್ಲೆಲ್ಲಿ ನಿಂತು ಹೋಗುತ್ತದೆ, ಅಲ್ಲಲ್ಲಿಗೆ ಹೋಗಿಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಪಟ್ಟಿ ಕೊಡುವ ಒಂದು ಕಂಪ್ಯೂಟರ್ ಆದೇಶವಿದೆ. ಟ್ರೇಸ್ ಎನ್ನುತ್ತೇವೆ. ಪ್ಯಾಸೆಂಜರ್ ರೈಲು ನಿಲ್ಲುವ ಸ್ಟೇಷನ್ನುಗಳ ಪಟ್ಟಿಯ ಹಾಗೆ. ಅದನ್ನು ಬೆಳಿಗ್ಗೆ ಓಡಿಸಿದೆ, ಮಧ್ಯಾಹ್ನ ಓಡಿಸಿದೆ, ಸಂಜೆ ಹೊರಡುವ ಮುಂಚೆ ಓಡಿಸಿದೆ. ಬಂದ ಅಂಕಿಗಳನ್ನೆಲ್ಲ ಡೈರಿಯಲ್ಲಿ ಬರೆದೆ. ಪಟ್ಟಿ ಚಿಕ್ಕದಾಗಿತ್ತು, ಚೆನ್ನಾಗಿತ್ತು: ಕೆಜಿಎಫ್, ಬೆಂಗಳೂರು, ಬೆಂಗಳೂರು, ಬೆಂಗಳೂರು, ಪೋರ್ಟಲ್. ಶೈಕ್ಷಣಿಕ ಜಾಲ ಮುಗಿಯುವ ತನಕ ಐದು ಮಿಲಿಸೆಕೆಂಡು. ಖಾಸಗಿ ಜಾಲಕ್ಕೆ ಕಾಲಿಟ್ಟ ಕೂಡಲೇ ಇನ್ನೂರ ನಲವತ್ತು. ಬೆಂಗಳೂರಿನಿಂದ ಬೆಂಗಳೂರಿಗೆ ಒಂದು ಹೆಜ್ಜೆ ಇಡುವುದಕ್ಕೆ ಇಷ್ಟು ಹೊತ್ತೆ? ಅವರ ಪೋರ್ಟಲ್ ನಿಧಾನ ಎಂದು ಮೊದಲು ತೀರ್ಮಾನಿಸಿದೆ. ಆದರೆ ನನ್ನ ಮೊಬೈಲಿನಲ್ಲಿ ಅದರ ಮುಖಪುಟ ಕಣ್ಣು ಮಿಟುಕಿಸುವುದರೊಳಗೆ ತೆರೆದುಕೊಳ್ಳುತ್ತಿತ್ತು.

ಅಕ್ಕ ನನ್ನ ಹಿಂದೆ ನಿಂತು ಆ ಪಟ್ಟಿಯನ್ನು ನೋಡುತ್ತಿದ್ದರು. ಒಂದು ಕೈಯಲ್ಲಿ ಬೀಗದ ಗೊಂಚಲು, ಇನ್ನೊಂದರಲ್ಲಿ ಬ್ಯಾಗು.

“ಇವೆಲ್ಲ ಏನು ಮೇಡಂ?”

“ನಿಮ್ಮ ಉತ್ತರ ಹೋಗುವಾಗ ಸಿಗುವ ಊರುಗಳು.”

“ಓಗೋದೇನೋ ಸೀದಾನೇ ಓಗ್ತಾ ಐತಲ್ಲ?”

“ಅದೇ ನನಗೂ ಅರ್ಥ ಆಗ್ತಿಲ್ಲ ಅಕ್ಕ.”

ಅವರು ಏನೋ ಯೋಚಿಸಿದರು. ಅಷ್ಟರಲ್ಲಿ ರಸ್ತೆಯಲ್ಲಿ ಬೇತಮಂಗಲದ ಬಸ್ಸಿನ ಹಾರ್ನು ಕೇಳಿತು. ಆ ಡ್ರೈವರ್ ಅಕ್ಕನಿಗಾಗಿಯೇ ಎರಡು ಸಲ ಹಾರ್ನು ಹಾಕುತ್ತಾರೆ, ಮೂರನೆಯದಕ್ಕೆ ಹೊರಟುಬಿಡುತ್ತಾರೆ. ಅಕ್ಕ ಬೀಗದ ಗೊಂಚಲನ್ನು ನನ್ನ ಮೇಜಿನ ಮೇಲೆ ಎಸೆದು ಓಡಿದರು. ಬಾಗಿಲಿನ ಹತ್ತಿರ ತಿರುಗಿ ಕೂಗಿದರು:

“ಮೇಡಂ, ಡೈರಿನಾಗೆ ನೋಡಿ! ಅಲ್ಲೂ ಇಂಗೇ ಆಗೋದು. ನೋಡಿದ್ರೆ ಗೊತ್ತಾಗ್ತದೆ!”

ನಾನು ನೋಡಿದೆ. ಅಂದು ಸಂಜೆ ರೈಲಿನಲ್ಲಿ, ಕಿಟಕಿಯ ಪಕ್ಕದಲ್ಲಿ ಕೂತು, ನನ್ನ ಡೈರಿಯನ್ನು ತೆರೆದು ಆ ವಾರದ ಅಂಕಿಗಳನ್ನೆಲ್ಲ ಒಂದರ ಕೆಳಗೊಂದು ಬರೆದೆ. ಎಂಥ ಸೂಕ್ಷ್ಮ ಬುದ್ಧಿ ಈ ಅಕ್ಕನದು, ನಾನು ಬರೆದುಕೊಳ್ಳುವುದನ್ನು ಗಮನಿಸಿ ಅಲ್ಲೇ ಹುಡುಕಲು ಹೇಳಿದರಲ್ಲ ಎಂದು ಮೆಚ್ಚಿಕೊಂಡೆ. ಆಶ್ಚರ್ಯವೆಂದರೆ ಅಲ್ಲಿ ಏನೋ ಇತ್ತು! ಬೆಳಿಗ್ಗೆ ಇನ್ನೂರ ನಲವತ್ತು. ಕಾಲೇಜು ತುಂಬಿ ತುಳುಕುವ ಹನ್ನೆರಡು ಗಂಟೆಗೂ ಇನ್ನೂರ ನಲವತ್ತು. ಭಾನುವಾರ, ಯಾರೂ ಇಲ್ಲದ ಕಾಲೇಜಿಗೆ ಹೋಗಿ ನೋಡಿದಾಗಲೂ ಇನ್ನೂರ ಮೂವತ್ತೊಂಬತ್ತು. ದಟ್ಟಣೆಯಿಂದ ಆಗುವ ತಡ ಹೊತ್ತಿಗೊಂದು ಥರ ಇರುತ್ತದೆ. ಯಾವಾಗಲೂ ಒಂದೇ ಅಂಕಿ ಇದ್ದರೆ ಅದು ದೂರ. ಅಂದರೆ ಎಲ್ಲೋ, ನನ್ನ ಪಟ್ಟಿಯಲ್ಲಿ ಕಾಣದ ಒಂದು ಕಡೆ, ಅಕ್ಕನ ಉತ್ತರ ಬಹಳ ದೂರ ಸುತ್ತುತ್ತಿತ್ತು. ನಾನು ಬಂಗಾರಪೇಟೆಯಲ್ಲಿ ಇಳಿದವಳು ಪ್ಲಾಟ್‌ಫಾರ್ಮಿನಲ್ಲಿ ಛತ್ರಿ ಮರೆತದ್ದು ಅವತ್ತೇ.

ಮರುದಿನ ಲ್ಯಾಬಿಗೆ ಓಡುತ್ತಲೇ ಬಂದೆ.

“ಅಕ್ಕ, ಡೈರಿ ನೋಡಿದೆ!”

ಅಕ್ಕ ಗುಡಿಸುವುದನ್ನು ನಿಲ್ಲಿಸಿದರು. “ಯಾವಾಗ ಬಂದಿದ್ರಿ? ನಾನು ಕಾಣ್ಲೇ ಇಲ್ಲ.”

“ಎಲ್ಲಿಗೆ?”

“ಡೈರಿಗೆ. ನಮ್ಮ್ ಯಜಮಾನ್ರೂ ಏಳ್ಲಿಲ್ಲ, ನೀವು ಬಂದಿದ್ರಿ ಅಂತ.”

“ನಿಮ್ಮ ಯಜಮಾನರಿಗೆ ನನ್ನ ಡೈರಿ ವಿಷಯ ಹೇಗೆ ಗೊತ್ತು?”

“ನಿಮ್ ಡೈರಿನಾ? ನೀವು ಯಾವಾಗ ಮೇಡಂ ಡೈರಿ ಮಾಡಿದ್ರಿ? ಅಸು ಎಲ್ಲಿ ಕಟ್ಟಿದೀರಿ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲು ಅರ್ಥವಾದದ್ದು ಅವರಿಗೆ. ನನ್ನ ಕೈಯಲ್ಲಿದ್ದ ನೀಲಿ ರಟ್ಟಿನ ಪುಸ್ತಕವನ್ನು ಪೊರಕೆಯ ತುದಿಯಿಂದ ತೋರಿಸಿ, ಸೆರಗು ಬಾಯಿಗಿಟ್ಟುಕೊಂಡು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ನಾನು ನಗಲು ಶುರುಮಾಡಿದ್ದು ಸ್ವಲ್ಪ ತಡವಾಗಿ.

ಆಮೇಲೆ ಅವರು ಹೇಳಿದ್ದು ಇದು. ಅವರ ಮಾತಿನಲ್ಲೇ ಬರೆಯಲು ಪ್ರಯತ್ನಿಸುತ್ತೇನೆ. ಅಲ್ಲೊಂದು ಇಲ್ಲೊಂದು ಪದ ನನ್ನದಾಗಿರಬಹುದು.

“ನಮ್ಮೂರ್ ಡೈರಿಯಿಂದ ಬೆಳಿಗ್ಗೆ ಆಲಿನ್ ಕ್ಯಾನು ರೂಟ್ ಗಾಡಿನಾಗೆ ಓಗ್ತದೆ. ಸೀದಾ ಚಿಲ್ಲಿಂಗ್ ಸೆಂಟರ್‌ಗೆ. ಅದ್ರಾಗೆ ತೊಂದ್ರೆನೇ ಇಲ್ಲ. ಖಾಲಿ ಕ್ಯಾನು ವಾಪಸ್ ಬರ್ಬೇಕಲ್ಲ? ಅದು ಅದೇ ಗಾಡಿನಾಗೆ ಬರಲ್ಲ. ಬೇರೆ ಗಾಡಿ, ಬೇರೆ ರೂಟು. ಊರೂರೆಲ್ಲ ಸುತ್ತಾಕ್ಕಂಡು ಕೊನೇಗೆ ನಮ್ಮೂರಿಗೆ ಬತ್ತದೆ. ಸಾಯಂಕಾಲ ಜನ ಕರ್ಕಂಡ್ ಬಂದು ನಿಂತಿರ್ತಾರೆ, ಉಯ್ಯಕ್ಕೆ ಕ್ಯಾನೇ ಇರಲ್ಲ. ಯಜಮಾನ್ರು ಎಲ್ರ ಕೈಲೂ ಬೈಸ್ಕಂತಾರೆ. ನಿಮ್ ಪಟ್ಟಿನಾಗೆ ಓಗೋ ರೂಟು ಮಾತ್ರ ಐತೆ. ಬರೋ ರೂಟು ಎಲ್ಲೈತೆ?”

ನಾನು ಪ್ರತಿವರ್ಷ ಪಾಠದಲ್ಲಿ ಹೇಳುತ್ತೇನೆ: ಟ್ರೇಸ್ ತೋರಿಸುವುದು ಹೋಗುವ ದಾರಿಯನ್ನು ಮಾತ್ರ, ಮರಳುವ ದಾರಿ ಬೇರೆಯೇ ಇರಬಹುದು, ಅದು ಎದುರಿನವರ ಕಡೆಯಿಂದ ನೋಡಿದರಷ್ಟೇ ಕಾಣುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ನಾಲ್ಕು ಅಂಕಕ್ಕೆ ಕೇಳಿದ್ದೂ ಇದೆ. ಒಂದು ವಾರ ಅದು ನನ್ನ ತಲೆಯ ಹತ್ತಿರಕ್ಕೂ ಸುಳಿದಿರಲಿಲ್ಲ.

ಅಕ್ಕ ನನ್ನ ಡೈರಿಯನ್ನೇ ಇಸಿದುಕೊಂಡು ಪೆನ್ಸಿಲಿನಲ್ಲಿ ನಕ್ಷೆ ಬರೆದು ತೋರಿಸಿದರು. ಅದು ಈಗಲೂ ಆ ಪುಟದಲ್ಲಿದೆ: ಒಂದು ಚೌಕ, ಬೇತಮಂಗಲದ ಕೆರೆ ಎಂದು ಒಂದು ಅಂಕುಡೊಂಕು ಗೆರೆ, ಹೋಗುವುದಕ್ಕೆ ಒಂದು ನೇರ ಬಾಣ, ಬರುವುದಕ್ಕೆ ಹಾವಿನಂಥ ಬಾಣ, ಅದರ ತುದಿಯಲ್ಲಿ ಪುಟ್ಟ ಕ್ಯಾನು. ಅದನ್ನು ಬರೆದದ್ದು ನನ್ನ ಕೈಯಲ್ಲ. ಕೆಳಗಿನ ಸಾಲು ಮಾತ್ರ ನನ್ನದು. ‘ಉತ್ತರ ಡೈರಿಯಲ್ಲೇ ಇತ್ತು!!’ ಕೆಲವು ತಿಂಗಳಾದ ಮೇಲೆ ಸ್ಟಾಫ್ ರೂಮಿನಲ್ಲಿ ಈ ಕತೆ ಹೇಳುವಾಗ, ನನ್ನ ಅಂಕಿಗಳನ್ನು ನೋಡಿ ನನಗೇ ಹೊಳೆಯಿತು ಎಂದು ಹೇಳುತ್ತಿದ್ದೆ. ಸುಳ್ಳು ಹೇಳುತ್ತಿದ್ದೇನೆಂಬ ಅರಿವೂ ಇರಲಿಲ್ಲ. ಆ ಸಾಲನ್ನು ಓದಿದರೆ ಹಾಗೇ ಅರ್ಥವಾಗುತ್ತಿತ್ತು. ಪೆನ್ಸಿಲಿನ ಕ್ಯಾನನ್ನು ಮೊನ್ನೆ ಸರಿಯಾಗಿ ನೋಡಿದ ಮೇಲೆಯೇ ಇದನ್ನು ಬರೆಯಲು ಕೂತದ್ದು.

ಪರೀಕ್ಷೆಯ ಕಂಪನಿಗೆ ಬರೆದೆ: ದಯವಿಟ್ಟು ನಿಮ್ಮ ಕಡೆಯಿಂದ ನಮ್ಮ ವಿಳಾಸಕ್ಕೆ ಒಂದು ಟ್ರೇಸ್ ಓಡಿಸಿ ಕಳಿಸಿ. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಬಂತು. ಡಬ್ಬಿಯ ಮುಚ್ಚಳ ತೆಗೆದವಳು ಹಾಗೇ ಬಿಟ್ಟು ಓದತೊಡಗಿದೆ. ಬೆಂಗಳೂರು. ಚೆನ್ನೈ. ಸಿಂಗಪುರ. ಅಲ್ಲಿಂದ ಲಂಡನ್! ಲಂಡನ್ನಿನಿಂದ ಮುಂಬೈ, ದೆಹಲಿ, ಮತ್ತೆ ಬೆಂಗಳೂರು, ಕೊನೆಗೆ ಕೆಜಿಎಫ್.

“ಅಕ್ಕ! ಇಲ್ಲಿ ಬನ್ನಿ! ನಿಮ್ಮ ಖಾಲಿ ಕ್ಯಾನು ಲಂಡನ್ನಿಗೆ ಹೋಗಿ ಬರ್ತಿದೆ!”

ಅಕ್ಕ ಬಂದು ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಊರು ಓದಿದರು. “ನಾನು ಮದ್ರಾಸೂ ನೋಡಿಲ್ಲ. ನಾನು ಒತ್ತಿದ ‘ಬಿ’ಗೆ ರಶೀದಿ ತರಾಕೆ ಇಷ್ಟೆಲ್ಲ ಸುತ್ತಾಟನಾ? ಪಾಸ್‌ಪೋರ್ಟ್ ಕೇಳಲ್ವಾ ಯಾರೂ?”

ನನಗೆ ಕಳ್ಳನ ಹೆಜ್ಜೆ ಸಿಕ್ಕಿದವರ ಸಂಭ್ರಮ. ಉತ್ತರ ತಲುಪುತ್ತಿತ್ತು. ‘ತಲುಪಿತು’ ಎನ್ನುವ ರಶೀದಿ ಸಮುದ್ರ ದಾಟಿ ಬರಬೇಕಾಗಿತ್ತು, ದಾರಿಯಲ್ಲಿ ಕೆಲವು ಕಳೆದೂ ಹೋಗುತ್ತಿದ್ದವು. ಪೋರ್ಟಲ್ ಕಾದು ಕಾದು ಅಕ್ಕನನ್ನು ಆಚೆ ಹಾಕುತ್ತಿತ್ತು.

ಕಾರಣ ಗೊತ್ತಾಗಲು ಎರಡೂ ಕಡೆಯವರನ್ನು ಒಂದೇ ಫೋನಿನಲ್ಲಿ ಕೂರಿಸಬೇಕಾಯಿತು. ಪ್ರಾಂಶುಪಾಲರ ಕೋಣೆಯಲ್ಲಿ, ಅವರ ಮೊಬೈಲು ಮೇಜಿನ ಮೇಲೆ, ಸ್ಪೀಕರ್ ಹಾಕಿ. ಒಬ್ಬರು ಶೈಕ್ಷಣಿಕ ಜಾಲದ ಎಂಜಿನಿಯರು, ಇನ್ನೊಬ್ಬರು ಖಾಸಗಿ ಕಂಪನಿಯ ಎಂಜಿನಿಯರು. ಪರೀಕ್ಷೆಗೆ ಮೂರು ದಿನ ಉಳಿದಿತ್ತು. ಅಕ್ಕ ಟೀ ತಂದವರು ಅಲ್ಲೇ ನಿಂತರು. ಯಾರೂ ಹೋಗಿ ಅನ್ನಲಿಲ್ಲ.

“ನಮ್ಮ ಕಡೆ ಎಲ್ಲ ಸರಿಯಾಗಿದೆ ಸರ್. ವಾಪಸ್ ಬರೋ ಉತ್ತರ ಅವರು ನಮಗೆ ಬೆಂಗಳೂರಿನಲ್ಲೇ ಕೊಡಬೇಕು, ಕೊಡ್ತಾ ಇಲ್ಲ,” ಅಂದರು ಶೈಕ್ಷಣಿಕ ಜಾಲದವರು.

“ನೀವು ಇಲ್ಲಿದ್ದೀವಿ ಅಂತ ಹೇಳಿದ್ರೆ ತಾನೇ ಕೊಡೋದು? ಈ ಕಾಲೇಜಿನ ವಿಳಾಸ ನೀವು ಬೆಂಗಳೂರಿನಲ್ಲಿ ನಮಗೆ ಹೇಳೇ ಇಲ್ಲ. ಲಂಡನ್ನಿನಲ್ಲಿ ಯಾರೋ ಹೇಳ್ತಾರೆ, ನಾವು ಅಲ್ಲಿಗೆ ಕಳಿಸ್ತೀವಿ,” ಅಂದರು ಕಂಪನಿಯವರು.

“ಹೇಳಿದ್ದೀವಿ.”

“ಹಳೇ ಕಾಲೇಜುಗಳದ್ದು ಹೇಳಿದ್ದೀರಿ. ಇದು ಹೊಸದು. ಪಟ್ಟಿ ನೋಡಿ.”

ಕೀಬೋರ್ಡಿನ ಸದ್ದು. ನಮ್ಮ ಪ್ರಾಂಶುಪಾಲರು ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ಎತ್ತಲು ಮರೆತರು.

“...ಹೌದು. ಬಿಟ್ಟುಹೋಗಿದೆ.”

“ನೀವಿಬ್ಬರೂ ಎಲ್ಲಿ ಸಿಕ್ಕಿ ಕೊಟ್ಟು ತಗೋಬೇಕು ಇದನ್ನ?” ಎಂದು ಪ್ರಾಂಶುಪಾಲರು ಕೇಳಿದರು. ಆಗ ತಿಳಿಯಿತು, ಬೆಂಗಳೂರಿನಲ್ಲಿ ಎಲ್ಲ ಜಾಲಗಳೂ ಕೂಡುವ ಒಂದು ಕಟ್ಟಡವಿದೆ, ಇವರಿಬ್ಬರ ಪೆಟ್ಟಿಗೆಗಳೂ ಅಲ್ಲೇ ಇವೆ. ಒಂದೇ ಮಹಡಿ.

ಅಕ್ಕ ಮೆಲ್ಲಗೆ ಅಂದರು. “ಒಂದೇ ಮನೇನಾಗೆ ಇದ್ಕಂಡು ಮಾತಾಡ್ದೆ ಇರೋ ವಾರಗಿತ್ತೀರ್ ತರ ಆಯ್ತು. ಒಲೆ ಪಕ್ಕದಾಗಿರೋ ಉಪ್ಪು ಬೇಕು ಅಂದ್ರೂ ಲಂಡನ್ ಅತ್ತೆ ಕೈಲಿ ಏಳಿ ಕಳ್ಸೋದು.”

ಫೋನಿನಲ್ಲಿ ಇಬ್ಬರೂ ಒಟ್ಟಿಗೆ ನಕ್ಕರು. ಆ ನಗು ಬರುವ ತನಕ ಅವರು ಒಬ್ಬರನ್ನೊಬ್ಬರು ‘ಸರ್’ ಅನ್ನುತ್ತಿದ್ದ ರೀತಿಯೇ ಬೇರೆ ಇತ್ತು. “ಅವರು ಯಾರು ಸರ್?” ಎಂದು ಒಬ್ಬರು ಕೇಳಿದರು. “ನಮ್ಮ ಅಭ್ಯರ್ಥಿ,” ಅಂದರು ಪ್ರಾಂಶುಪಾಲರು. ಅಟೆಂಡರ್ ಅನ್ನಲಿಲ್ಲ. ಇದು ನನಗೆ ಖಚಿತವಾಗಿ ನೆನಪಿದೆ, ಡೈರಿಯಲ್ಲೂ ಇದೆ.

“ಹತ್ತು ನಿಮಿಷ ಕೊಡಿ,” ಅಂದರು ಶೈಕ್ಷಣಿಕ ಜಾಲದವರು.

ನಾವು ಮೂವರೂ ಲ್ಯಾಬಿಗೆ ಹೋದೆವು. ಪರದೆಯ ಮೇಲೆ ಸೆಕೆಂಡಿಗೊಂದು ಅಂಕಿ ಬೀಳುತ್ತಿತ್ತು. 240. 241. 239. 240. ಹತ್ತು ನಿಮಿಷ ಕಳೆಯಿತು, ಹದಿನೈದಾಯಿತು. 240. ಪ್ರಾಂಶುಪಾಲರು ಕನ್ನಡಕ ತೆಗೆದು ಒರೆಸಿದರು. 241. ಆಮೇಲೆ ಎರಡು ಸಲ ಉತ್ತರವೇ ಬರಲಿಲ್ಲ.

6.

6.

5.

ನಾನು ಕೂಗಿದೆನಂತೆ. ಪಕ್ಕದ ತರಗತಿಯವರು ಪಾಠ ನಿಲ್ಲಿಸಿ ಬಂದು ನೋಡಿದರಂತೆ. ನನಗೆ ನೆನಪಿರುವುದು ಅಕ್ಕ ಬೆರಳನ್ನು ಪರದೆಗೆ ತಾಗಿಸಿ ಆ ಐದನ್ನು ಮುಟ್ಟಿದ್ದು, ಬಿಸಿ ಇದೆಯೋ ಎಂದು ಪಾತ್ರೆಯನ್ನು ಮುಟ್ಟುವ ಹಾಗೆ.

ಪರೀಕ್ಷೆಯ ದಿನ ನನ್ನನ್ನು ಲ್ಯಾಬಿನೊಳಗೆ ಬಿಡಲಿಲ್ಲ. ಹೊರಗಿನಿಂದ ಮೇಲ್ವಿಚಾರಕರು ಬಂದಿದ್ದರು. ಅಭ್ಯರ್ಥಿಯ ಪರಿಚಯದವರು ಆಚೆ ಇರಬೇಕು. ಸ್ಟಾಫ್ ರೂಮಿನಲ್ಲಿ ಲ್ಯಾಪ್‌ಟಾಪ್ ತೆರೆದು ಅಂಕಿಗಳನ್ನು ನೋಡುತ್ತ ಕೂತೆ. 5, 6, 5. ಒಂದು ಸಲ 31 ಬಂತು; ಎದ್ದು ನಿಂತೆ. ಮತ್ತೆ 5, ಕೂತೆ. ಎರಡು ಗಂಟೆ ಹೀಗೆ. ಲ್ಯಾಬಿನ ಬಾಗಿಲು ತೆರೆದಾಗ ನಾನು ಕಾರಿಡಾರಿನಲ್ಲಿದ್ದೆ.

“ಹೋಯ್ತಾ ಅಕ್ಕ?”

“ಓಗೋದು ಯಾವಾಗ್ಲೂ ಓಗ್ತಿತ್ತು ಮೇಡಂ.”

“ಬಂತಾ?”

“ಒತ್ತೋಕ್ಕಿಂತ ಮುಂಚೇನೇ ಬತ್ತಾ ಇತ್ತು! ಯೋಚ್ನೆ ಮಾಡಕ್ಕೂ ಬಿಡ್ಲಿಲ್ಲ. ಎರಡು ಪ್ರಶ್ನೆ ತಪ್ಪು ಮಾಡಿದೀನಿ. ಅದು ನನ್ನ ತಪ್ಪೇಯಾ, ಲಂಡನ್ದಲ್ಲ.”

ಫಲಿತಾಂಶ ಬಂದದ್ದು ಒಂದು ಸಂಜೆ, ಲ್ಯಾಬು ಮುಚ್ಚುವ ಹೊತ್ತಿಗೆ. ಅದೇ ಕಂಪ್ಯೂಟರಿನಲ್ಲಿ ನೋಡಿದೆವು. ನೋಂದಣಿ ಸಂಖ್ಯೆಯನ್ನು ಅಕ್ಕನೇ ಹಾಕಿದರು, ಒಂದೊಂದು ಅಂಕಿಯನ್ನೂ ಬಾಯಲ್ಲಿ ಹೇಳಿಕೊಂಡು. ಪುಟ ತಕ್ಷಣ ತೆರೆಯಿತು. ‘ಉತ್ತೀರ್ಣ.’ ಅರ್ಜಿ ಹಾಕಲು ಇನ್ನೂ ಒಂದು ತಿಂಗಳು ಉಳಿದಿತ್ತು, ವಯಸ್ಸೂ ಮಿತಿ ದಾಟಿರಲಿಲ್ಲ.

ಅಕ್ಕ ಆ ಪದವನ್ನು ಎರಡು ಸಲ ಓದಿದರು. ಆಮೇಲೆ ಬ್ಯಾಗಿನಿಂದ ಮೊಬೈಲು ತೆಗೆದು ಯಜಮಾನರಿಗೆ ಫೋನ್ ಮಾಡಿದರು. ಆಚೆ ಕಡೆ ಡೈರಿಯಲ್ಲಿ ಜನರ ಗಲಾಟೆ ನನಗೂ ಕೇಳುತ್ತಿತ್ತು.

“ಕೇಳಿಸ್ತಾ ಐತಾ? ಪಾಸಾದೆ ಕಣ್ರೀ. ಊಂ, ಪಾಸು. ಪಾಸಂದೆ! ...ಅಳ್ತಾ ಇಲ್ಲ, ಸುಮ್ನಿರಿ. ...ಅದ್ಯಾಕೆ ಅಷ್ಟೊಂದು ಜನ ಕೂಗ್ತಾವ್ರೆ? ಕ್ಯಾನ್ ಬಂತಾ?”

ಇನ್ನೂ ಬಂದಿರಲಿಲ್ಲವಂತೆ.